ಕೆಂದ ಹಸು ಎಲ್ಲಿ ಹೋಯಿತು?

(ತುಮಕೂರಿನಲ್ಲಿ ಹವ್ಯಾಸಿ ಛಾಯಾಗ್ರಾಹಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಾತಿಗಿಂತ ಮೊದಲು ಒಂದು ಚಿತ್ರ ನೋಡಿಬಿಡಿ. ಸೆಪ್ಟೆಂಬರ್ ತಿಂಗಳು, ರಾಗಿ ಹೊಲದ ಬದು, ಮೊಣಕಾಲುದ್ದ ಹುಲ್ಲು. ನಡುವೆ ಒಂದು ಕೆಂದ ಹಸು. ಹಸಿರಿನ ಮೇಲೆ ಕೆಂಪು, ಮಳೆ ತೊಳೆದ ಬೆಳಕು, ಕೊನೆಯ ಸಾಲಿನಲ್ಲಿ ಕೂತವರಿಗೂ ಹಸು ಎದ್ದು ಕಾಣುತ್ತಿದೆ ಅಲ್ಲವೇ? ಈಗ ಇದೇ ಚಿತ್ರದ ಬಣ್ಣ ತೆಗೆಯುತ್ತೇನೆ.

ಹಸು ಎಲ್ಲಿ?

ಹುಡುಕಬೇಕಾಯಿತು. ಕೊಂಬಿನ ತುದಿ ಒಂದಿಷ್ಟು, ಕಿವಿಯ ಅಂಚು ಒಂದಿಷ್ಟು. ಉಳಿದ ಮೈಯೆಲ್ಲ ಹುಲ್ಲಿನ ಜೊತೆ ಕಲಸಿಹೋಗಿದೆ. ಇದನ್ನು ತೆಗೆದ ದಿನಗಳಲ್ಲಿ ಕಪ್ಪು-ಬಿಳುಪು ಎಂದರೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ಬಣ್ಣ ಒರೆಸುವುದು ಎಂದೇ ನಾನು ತಿಳಿದಿದ್ದೆ. ಈ ಚಿತ್ರ ಆ ತಿಳಿವಳಿಕೆಯನ್ನು ಮುರಿಯಿತು. ಅಂದಿನಿಂದ ಇಂದಿನವರೆಗೆ ಕೊಟ್ಟಿಗೆ, ಜಾತ್ರೆ, ಕೆರೆ ಅಂಗಳ ಸುತ್ತಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಒಂದೇ. ಹಸುವನ್ನು ನೋಡುವ ಮೊದಲು ಹಸುವಿನ ಹಿಂದೆ ಏನಿದೆ ಎಂದು ನೋಡಬೇಕು. ಇವತ್ತು ಹೇಳುವುದೆಲ್ಲ ಅದರ ವಿಸ್ತಾರ.

ಹಸು ಮಾಯವಾದದ್ದು ಏಕೆ? ಬಣ್ಣಗಳು ಬೇರೆಯಾದರೂ ಅವುಗಳ ಹೊಳಪು ಒಂದೇ ಆಗಿರಬಹುದು. ನಮ್ಮ ಕಣ್ಣು ಹಸಿರಿಗೆ ಹೆಚ್ಚು ಸ್ಪಂದಿಸುತ್ತದೆ, ನೀಲಿಗೆ ತೀರಾ ಕಡಿಮೆ. ಟಿವಿ, ಕಂಪ್ಯೂಟರ್ ಪರದೆಗಳಿಗೆ ಬಳಸುವ ಮಾಮೂಲಿ ಲೆಕ್ಕದಲ್ಲಿ ಹೊಳಪಿಗೆ ಹಸಿರಿನ ಪಾಲು ಶೇಕಡಾ 72ರಷ್ಟು, ಕೆಂಪಿನದು 21ರಷ್ಟು, ನೀಲಿಯದು ಬರೀ 7. ಹುಲ್ಲಿನಲ್ಲಿ ಹಸಿರು ಸ್ವಲ್ಪವೇ ಇದ್ದರೂ ಅದರ ತೂಕ ಹೆಚ್ಚು, ಹಸುವಿನ ಮೈಯಲ್ಲಿ ಕೆಂಪು ತುಂಬಿದ್ದರೂ ಅದರ ತೂಕ ಕಡಿಮೆ. ತಕ್ಕಡಿ ಸಮವಾಗಿ ನಿಂತಿತು, ಎರಡೂ ಒಂದೇ ಬೂದಿಯಾದವು.

ಇದಕ್ಕೆ ಕಂಪ್ಯೂಟರಿನಲ್ಲಿ ಮದ್ದಿದೆ. ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಚಿತ್ರ, ಇದ್ದರೆ ಒಂದೊಂದು ಬಣ್ಣದ ಸ್ಲೈಡರ್ ಎಳೆದು ಅದರ ಬೂದಿಯನ್ನು ಮೇಲೆ ಕೆಳಗೆ ಮಾಡಬಹುದು. ಹೊಸಬರು ಇಲ್ಲಿ ಎಡವುತ್ತಾರೆ, ಹಾಗಾಗಿ ಹೇಳುತ್ತೇನೆ: ಕೆಂದ ಹಸುವಿಗೆಂದು ಕೆಂಪು ಸ್ಲೈಡರ್ ಎಳೆದರೆ ಹೆಚ್ಚೇನೂ ಆಗುವುದಿಲ್ಲ. ಅದರ ಮೈ ಬಹುಪಾಲು ಕಿತ್ತಳೆಯ ಲೆಕ್ಕಕ್ಕೆ ಸೇರಿರುತ್ತದೆ. ಹುಲ್ಲೂ ಅಷ್ಟೇ, ಬಹುಪಾಲು ಹಳದಿಯ ಲೆಕ್ಕಕ್ಕೆ. ಕಿತ್ತಳೆ ಏರಿಸಿ, ಹಳದಿ ಇಳಿಸಿ, ಹಸು ಹೊರಗೆ ಬರುತ್ತದೆ. ಫಿಲ್ಮ್ ಕಾಲದಲ್ಲಿ ಇದೇ ಕೆಲಸವನ್ನು ಲೆನ್ಸಿನ ಮುಂದೆ ಕಿತ್ತಳೆ ಫಿಲ್ಟರ್ ಹಾಕಿ ಮಾಡುತ್ತಿದ್ದರು. ಆದರೆ ಈ ಮದ್ದಿಗೊಂದು ಮಿತಿ ಇದೆ. ಜಾಸ್ತಿ ಎಳೆದರೆ ಮೈಮೇಲೆ ಕಾಳುಕಾಳು ಏಳುತ್ತದೆ, ಬೆನ್ನಿನ ಅಂಚಿಗೆ ಬಿಳಿ ಗೆರೆ ಕಟ್ಟುತ್ತದೆ. ಇನ್ನು ಎಮ್ಮೆಗೆ, ಬೂದು ಎತ್ತಿಗೆ ಎಳೆಯಲು ಬಣ್ಣವೇ ಇಲ್ಲ.

ಈಗ ಎರಡನೆಯ ಚಿತ್ರ ನೋಡಿ. ಅದೇ ಹಸು, ಅದೇ ದಿನ, ಹತ್ತು ನಿಮಿಷದ ನಂತರ. ನಾನು ಇಪ್ಪತ್ತು ಹೆಜ್ಜೆ ಎಡಕ್ಕೆ ನಡೆದು ಕುಕ್ಕರಗಾಲಲ್ಲಿ ಕೂತೆ, ಅಷ್ಟೇ. ಹಸುವಿನ ಹಿಂದೆ ಹುಲ್ಲಿನ ಬದಲು ಕೆರೆ ಏರಿಯ ನೆರಳು ಬಂತು. ಬಿಸಿಲಲ್ಲಿದ್ದ ಹಸು, ಕತ್ತಲಲ್ಲಿದ್ದ ಏರಿ. ಯಾವ ಸ್ಲೈಡರನ್ನೂ ಮುಟ್ಟಿಲ್ಲ. ಕೊರಳ ಕೆಳಗೆ ಜೋಲುವ ಗಂಗೆದೊಗಲಿನ ಒಂದೊಂದು ಮಡಿಕೆಯನ್ನೂ ಇಲ್ಲಿ ಎಣಿಸಬಹುದು. ಮೊದಲ ಚಿತ್ರದಲ್ಲಿ ಹಸುವಿಗೆ ಗಂಗೆದೊಗಲು ಇದೆಯೆಂದೇ ಗೊತ್ತಾಗುತ್ತಿರಲಿಲ್ಲ.

ಕೆರೆ ಏರಿ ಎಂದೆ. ನಮ್ಮ ಬಯಲುಸೀಮೆಯ ಛಾಯಾಗ್ರಾಹಕನಿಗೆ ಅದಕ್ಕಿಂತ ಒಳ್ಳೆಯ ಸ್ಟುಡಿಯೋ ಇಲ್ಲ. ಸಂಜೆ ದನ ಏರಿಯ ಮೇಲೆ ಸಾಲಾಗಿ ಬರುವಾಗ ಕೆಳಗೆ ತೂಬಿನ ಹತ್ತಿರ ಕೂತರೆ ಗೊರಸಿನಿಂದ ಕೊಂಬಿನವರೆಗೆ ಹಿಂದೆ ಬರೀ ಆಕಾಶ. ನೀವು ಏರಿಯ ಮೇಲೇ ನಿಂತು ತೆಗೆದರೆ ಆಚೆಯ ದಿಗಂತ ಅವುಗಳ ಕೊರಳನ್ನು ಅಡ್ಡಕ್ಕೆ ಕೊಯ್ದುಬಿಡುತ್ತದೆ. ಬಣ್ಣದ ಚಿತ್ರದಲ್ಲಿ ಈ ಗೆರೆ ಅಷ್ಟಾಗಿ ಕಾಡುವುದಿಲ್ಲ. ಕಪ್ಪು-ಬಿಳುಪಿನಲ್ಲಿ ಗೆರೆ ಎಂದರೆ ಗೆರೆಯೇ, ಕಣ್ಣು ಅದರ ಜೊತೆ ಓಡಿಹೋಗುತ್ತದೆ. ಕ್ಯಾಮೆರಾವನ್ನು ಹಸುವಿನ ಹೊಟ್ಟೆಗಿಂತ ಕೆಳಕ್ಕೆ ಇಳಿಸಿದರೆ ಗೆರೆಯೂ ಹೊಟ್ಟೆಯ ಕೆಳಗೆ ಹೋಗುತ್ತದೆ.

ಕ್ಯಾಮೆರಾ ಎಷ್ಟು ಎತ್ತರದಲ್ಲಿರಬೇಕು ಎಂದು ಶಿಬಿರಗಳಲ್ಲಿ ಕೇಳುತ್ತಾರೆ. ನಿಮ್ಮ ಕಣ್ಣಿನ ಎತ್ತರವನ್ನು ಮರೆತು ಪ್ರಾಣಿಯ ಕಣ್ಣಿನ ಎತ್ತರಕ್ಕೆ ಹೋಗಿ ಎನ್ನುತ್ತೇನೆ. ಮಲೆನಾಡು ಗಿಡ್ಡ ತಳಿಯ ಹಸುವಿನ ಮುಂದೆ ನಿಂತುಕೊಂಡು ಕ್ಲಿಕ್ಕಿಸಿದರೆ ಬೆನ್ನು ಮತ್ತು ನೆಲ ಮಾತ್ರ ಸಿಗುತ್ತದೆ. ಅದರ ಎತ್ತರವೇ ಮೂರಡಿಯ ಆಸುಪಾಸು, ಮಂಡಿಯೂರಲೇಬೇಕು. ಕುರಿಮರಿಗೆ ಇನ್ನೂ ಕೆಳಗೆ, ಮೊಣಕೈ ಊರಿ ಮಲಗಬೇಕು. ಬಟ್ಟೆಗೆ ಸಗಣಿ ಆಗುತ್ತದೆ, ಆಗಲಿ.

ಈಗ ಜಾತ್ರೆಗೆ ಬರೋಣ. ಚಳಿಗಾಲದಲ್ಲಿ ದೊಡ್ಡಬಳ್ಳಾಪುರದ ಹತ್ತಿರ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ಶಿವರಾತ್ರಿಯ ಹೊತ್ತಿಗೆ ನಮ್ಮದೇ ಸಿದ್ಧಗಂಗೆ ಜಾತ್ರೆ. ಹಳ್ಳಿಕಾರ್ ಜೋಡಿಗಳನ್ನು ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. ಹಳ್ಳಿಕಾರ್ ಹುಟ್ಟಿನಿಂದಲೇ ಕಪ್ಪು-ಬಿಳುಪಿನ ತಳಿ ಎನ್ನಿಸುತ್ತದೆ ನನಗೆ. ಬೂದು ಮೈ, ಹೋರಿಯಾದರೆ ಮುಂಭಾಗ ಹಿಂಭಾಗ ಎರಡೂ ಕಡೆ ಕಪ್ಪು ಇಳಿದಿರುತ್ತದೆ. ಹಣೆಯಿಂದ ಹತ್ತಿರಹತ್ತಿರ ಹೊರಟ ಕೊಂಬುಗಳು ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ತುದಿ ಚಾಚುತ್ತವೆ. ಬಣ್ಣ ತೆಗೆದರೆ ಕಳೆದುಹೋಗುವುದು ಅವುಗಳಲ್ಲಿ ಏನೂ ಇಲ್ಲ. ತೊಂದರೆ ಕೊಡುವುದು ಸುತ್ತಲಿನ ಸರಕು. ಪ್ಲಾಸ್ಟಿಕ್ ಚಪ್ಪರ, ಲಾರಿ, ಕರೆಂಟ್ ಕಂಬ, ಬಿಳಿ ಅಂಗಿಯ ಜನ. ಬಿಳಿ ಅಂಗಿ ಇದ್ದಲ್ಲಿಗೆ ಕಣ್ಣು ಮೊದಲು ಹೋಗುತ್ತದೆ. ಎತ್ತಿನ ಕೊಂಬಿನ ನಡುವೆ ಒಂದು ಬಿಳಿ ಅಂಗಿ ಸಿಕ್ಕಿಕೊಂಡರೆ ಆ ಚಿತ್ರ ಅಂಗಿಯದ್ದಾಗುತ್ತದೆ. ನಾನು ಅಲ್ಲಿ 85ರಿಂದ 135 ಮಿಲಿಮೀಟರ್ ಲೆನ್ಸ್ ಹಾಕಿ, ಕೂತು, ಜನ ಸರಿಯುವವರೆಗೆ ಕಾಯುತ್ತೇನೆ. ಬೆಳಗಿನ ಒಂಬತ್ತರವರೆಗೆ ಬೆಳಕು ಅಡ್ಡಕ್ಕೆ ಬೀಳುವುದರಿಂದ ಪಕ್ಕೆಲುಬು, ಹಿಣಿಲು, ತೊಡೆಯ ಸ್ನಾಯು ಎಲ್ಲಕ್ಕೂ ಒಂದು ಬದಿ ನೆರಳು ಸಿಗುತ್ತದೆ. ಮೈಗೆ ಉಬ್ಬು ಬರುವುದು ಆ ನೆರಳಿನಿಂದ.

ಒಂದು ವರ್ಷ ಜಾತ್ರೆಯಲ್ಲಿ ಒಬ್ಬ ರೈತರ ಜೋಡಿಯನ್ನು ತೆಗೆಯುತ್ತಿದ್ದೆ. ಮುಖ, ಕೊಂಬು, ಕೊರಳ ಗೆಜ್ಜೆ ಚೆನ್ನಾಗಿ ಬಂದಿತ್ತು. ಯಜಮಾನರು ಕ್ಯಾಮೆರಾದ ಹಿಂದೆ ಇಣುಕಿದರು.

“ಸ್ವಾಮಿ, ಕಾಲೇ ಇಲ್ವಲ್ಲ! ಕಾಲಿಲ್ದಿರೋ ಎತ್ತನ್ನ ಯಾರು ತಗಂತಾರೆ?”

ಅವರು ನಗಿಸಲು ಹೇಳಿದ್ದಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಎತ್ತು ನೋಡುವುದು ಹೇಗೆಂದು ಹೇಳಿಕೊಟ್ಟರು. ಕೊಳ್ಳಲು ಬಂದವನು ಮೊದಲು ಗೊರಸು ನೋಡುತ್ತಾನೆ, ಆಮೇಲೆ ಕಾಲಿನ ನಿಲುವು. ಸುಳಿ ಎಲ್ಲಿದೆ ನೋಡುತ್ತಾನೆ. ಬಾಯಿ ತೆರೆದು ಎರಡು ಹಲ್ಲೋ ನಾಲ್ಕು ಹಲ್ಲೋ ಹಲ್ಲೆಲ್ಲ ಬಂದು ಬಾಯಿ ಗೂಡಿದ್ದೋ ಎಂದು ಲೆಕ್ಕ ಹಾಕುತ್ತಾನೆ. “ಕಡೀಗೆ ನಡಸ್ತಾನೆ. ನಿಂತ್ಕಂಡಿರೋ ಎತ್ತು ಎಲ್ಲಾ ಒಂದೇ, ನಡದಾಗ ಗೊತ್ತಾಗೋದು.” ಆಮೇಲೆ ಬೇರೆಯವರಿಗೆ ಕಾಣದಂತೆ ಟವೆಲ್ ಕೆಳಗೆ ಬೆರಳು ಹಿಡಿದು ರೇಟು. ಅವರು ಹೇಳಿದ ಆ ಕ್ರಮದಲ್ಲೇ ನಾನು ಇವತ್ತಿಗೂ ಫ್ರೇಮ್ ನೋಡುತ್ತೇನೆ. ಗೊರಸು ಒಳಗಿದೆಯೇ? ನಾಲ್ಕೂ ಕಾಲು ಬಿಡಿಬಿಡಿಯಾಗಿ ಕಾಣುತ್ತಿವೆಯೇ? ಬಾಲ ಕಡಿದಿದೆಯೇ? ಮುಖ ಮಾತ್ರ ಬೇಕಾದರೆ ಕೊರಳ ಬುಡದಲ್ಲಿ ಧೈರ್ಯವಾಗಿ ಕತ್ತರಿಸಿ. ಮೊಣಕಾಲ ಕೀಲಿನಲ್ಲಿ ಕತ್ತರಿಸಿದರೆ ಅದು ಕುಂಟಾಗಿ ಕಾಣುತ್ತದೆ.

ನಡಿಗೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತ ಓಟದ ಹಾದಿಯ ಪಕ್ಕ 12 ಕ್ಯಾಮೆರಾ ಸಾಲಾಗಿಟ್ಟು ಓಡುವ ಕುದುರೆಯ ಚಿತ್ರ ತೆಗೆದ. ಅಲ್ಲಿಯವರೆಗೆ ಚಿತ್ರಕಾರರು ಓಡುವ ಕುದುರೆಯನ್ನು ಮುಂಗಾಲು ಮುಂದಕ್ಕೆ ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುವಂತೆ ಬರೆಯುತ್ತಿದ್ದರು. ನಾಲ್ಕೂ ಗೊರಸು ನೆಲ ಬಿಡುವುದು ನಿಜ, ಆದರೆ ಆಗ ಕಾಲುಗಳು ಹೊಟ್ಟೆಯ ಕೆಳಗೆ ಮಡಿಚಿರುತ್ತವೆ ಎಂದು ಅವನ ಚಿತ್ರಗಳು ತೋರಿಸಿದವು. ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿದ ಪ್ರಾಣಿಯ ಕಾಲು ಹೇಗೆ ಬೀಳುತ್ತದೆಂದು ಕಣ್ಣಿಗೆ ಸಿಕ್ಕಿರಲಿಲ್ಲ. ನಮ್ಮ ಎತ್ತು ನಡೆಯುವಾಗ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂಬ ಕ್ರಮದಲ್ಲಿ ಹೆಜ್ಜೆ ಬೀಳುತ್ತದೆ. ಈ ಕ್ರಮದಲ್ಲಿ ಒಂದು ಗಳಿಗೆ ಬರುತ್ತದೆ. ನಿಮ್ಮ ಕಡೆಯ ಹಿಂಗಾಲು ಇನ್ನೇನು ಮುಂಗಾಲಿನ ಹಿಮ್ಮಡಿಗೆ ತಾಕಬೇಕು, ಆ ಎರಡೂ ಸೇರಿ ಹೊಟ್ಟೆಯ ಕೆಳಗೆ ಒಂದು ಮೊನೆ ಮಾಡುತ್ತವೆ. ಅದೇ ಹೊತ್ತಿಗೆ ಆಚೆ ಬದಿಯ ಕಾಲುಗಳು ಹಿಂದೆ ಮುಂದೆ ಅಗಲವಾಗಿ ಚಾಚಿರುತ್ತವೆ. ನಾಲ್ಕು ಕಾಲೂ ಬಿಡಿಯಾಗಿ ಸಿಗುವುದು ಆಗ. ಸೆಕೆಂಡಿನ 250ನೇ ಒಂದು ಭಾಗದ ಶಟರ್ ಈ ನಡಿಗೆಗೆ ಸಾಕು. ಕರಾವಳಿಯ ಕಂಬಳದ ಕೋಣಗಳಿಗೆ ಸೆಕೆಂಡಿನ ಸಾವಿರನೇ ಒಂದು ಭಾಗಕ್ಕಿಂತ ವೇಗದ ಶಟರ್ ಬೇಕು, ಇಲ್ಲದಿದ್ದರೆ ಚಿಮ್ಮುವ ಕೆಸರು ನೀರು ಹನಿಯಾಗದೆ ಮಬ್ಬಾಗುತ್ತದೆ.

ಜೋಡಿ ತೆಗೆಯುವಾಗ ಒಂದು ಎಚ್ಚರ. ಒಂದರ ಕೊಂಬು ಇನ್ನೊಂದರ ತಲೆಯಿಂದ ಹುಟ್ಟಿದಂತೆ ಕಾಣಬಾರದು. ಅರ್ಧ ಹೆಜ್ಜೆ ಆಚೀಚೆ ಸರಿದರೆ ನಾಲ್ಕು ಕೊಂಬುಗಳ ನಡುವೆಯೂ ಬೆಳಕು ಹಾಯುತ್ತದೆ.

ಕೋಲಾರದ ಕಡೆ ಹಾಲಿನ ಡೇರಿಗೆ ಸಾಕುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುಗಳ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ಕರಿ-ಬಿಳಿ ಮಚ್ಚೆ ಇರುವುದರಿಂದ ಅವು ಸುಲಭ ಎನ್ನಿಸುತ್ತದೆ, ಆದರೆ ಕಷ್ಟ. ಮಚ್ಚೆಗಳು ಮೈಯ ಅಂಚನ್ನೇ ಒಡೆಯುತ್ತವೆ. ಬಿಳಿ ಮಚ್ಚೆ ಬಿಳಿ ಗೋಡೆಗೂ ಕರಿ ಮಚ್ಚೆ ಬಾಗಿಲಿನ ಕತ್ತಲೆಗೂ ಸೇರಿಕೊಂಡು ಹಸು ತುಂಡು ತುಂಡಾಗುತ್ತದೆ. ಹಿಂದೆ ಒಂದೇ ಸಮನಾದ ನಡುಬೂದಿ ಇರಲಿ, ಮಣ್ಣಿನ ಗೋಡೆ ಸಿಕ್ಕರೆ ಬಹಳ ಒಳ್ಳೆಯದು. ಎರಡು ಮೂರು ಹಸು ಒತ್ತಾಗಿ ನಿಂತಿದ್ದರೆ ಮಚ್ಚೆಗಳನ್ನೇ ಫ್ರೇಮಿನ ತುಂಬ ಹರಡಬಹುದು. ಆಗ ಒಂದು ಕಣ್ಣೋ ಕಿವಿಯೋ ಸಿಕ್ಕರೆ ಸಾಕು.

ಎಮ್ಮೆಯದ್ದು ಬೇರೆಯೇ ಕಥೆ. ನಾನು ಹೆಚ್ಚು ಪ್ರೀತಿಯಿಂದ ತೆಗೆದದ್ದು ಎಮ್ಮೆಯನ್ನು. ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಎಮ್ಮೆ ಅರ್ಥವಾಗುವುದಿಲ್ಲ. ಎದುರಿಗಿದ್ದದ್ದೆಲ್ಲ ನಡುಬೂದಿ ಎಂದೇ ಅದರ ನಂಬಿಕೆ. ಫ್ರೇಮಿನ ತುಂಬ ಎಮ್ಮೆ ಇದ್ದರೆ ಅದನ್ನು ಬೂದಿ ಬಳಿದಂತೆ ಮಾಡುತ್ತದೆ, ಹಿಂದೆ ಆಕಾಶವಿದ್ದರೆ ಡಾಂಬರಿನ ಮುದ್ದೆ ಮಾಡುತ್ತದೆ. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ ಝೋನ್ ಪದ್ಧತಿ ಇಲ್ಲಿ ಕೈಹಿಡಿಯುತ್ತದೆ. ಅಚ್ಚ ಕಪ್ಪಿನಿಂದ ಅಚ್ಚ ಬಿಳಿಯವರೆಗೆ ಸೊನ್ನೆಯಿಂದ ಹತ್ತು, ನಡುಬೂದಿ ಐದು. ಕಪ್ಪೇ, ಆದರೆ ತೊಗಲಿನ ಗೆರೆ ಕಾಣುವ ಕಪ್ಪು ಮೂರನೆಯದು. ಒಂದೇ ಚುಕ್ಕೆಯ ಬೆಳಕು ಅಳೆಯುವ ಸ್ಪಾಟ್ ಮೀಟರನ್ನು ಎಮ್ಮೆಯ ಪಕ್ಕೆಗೆ ಹಿಡಿದು, ಬಂದ ಅಳತೆಯಿಂದ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಎಮ್ಮೆ ಎಮ್ಮೆಯ ಬಣ್ಣದಲ್ಲೇ ನಿಲ್ಲುತ್ತದೆ. ಬಿಳಿ ಎತ್ತಿಗೆ ಇದೇ ಲೆಕ್ಕ ತಿರುಗುಮುರುಗು, ಎರಡು ಸ್ಟಾಪಿನವರೆಗೆ ಏರಿಸಬಹುದು, ಬೆನ್ನಿನ ಮೇಲಿನ ಬೆಳಕು ಸುಟ್ಟುಹೋಗದಂತೆ ನೋಡಿಕೊಂಡು.

ಶಿರಾ ಕಡೆಯ ಒಂದು ಊರು. ಹಳೆಯ ಕೊಟ್ಟಿಗೆ, ಮಂಗಳೂರು ಹೆಂಚು, ಮಾಡಿನ ನಡುವೆ ಒಂದೇ ಒಂದು ಗಾಜಿನ ಹೆಂಚು. ಹೊರಗೆ ಹನ್ನೊಂದು ಗಂಟೆಯ ಬಿಸಿಲು. ಆ ಗಾಜಿನಿಂದ ಅಂಗೈ ಅಗಲದ ಬೆಳಕು ಒಳಕ್ಕೆ ಬಿದ್ದು ಗೋದಲಿಯ ಅಂಚಿನ ಮೇಲೆ ನಿಂತಿತ್ತು. ಅದರ ಆಚೆ ಎಮ್ಮೆ ಇತ್ತು. ಮೊದಲಿಗೆ ಕಾಣಲಿಲ್ಲ, ಉಸಿರಿನ ಸದ್ದು ಮಾತ್ರ. ಮನೆಯ ಅಜ್ಜಿ ಬೂಸಾ ಕಲಸುತ್ತಿದ್ದರು.

“ಕರೇದನ್ನ ಏನ್ ತೆಗೀತೀಯಪ್ಪ, ಈ ಕತ್ಲೆ ಒಳಗೆ ಕಾಣ್ತದಾ?”

“ಕಾಣ್ತದೆ ಅಜ್ಜಿ, ಸ್ವಲ್ಪ ಹೊತ್ತು ಕೂತ್ಕೊಳ್ಳಲಾ?”

“ಕೂತ್ಕ. ಅದರ ಹಿಂದೆ ಮಾತ್ರ ಹೋಗ್‌ಬ್ಯಾಡ.”

ಅಜ್ಜಿ ಹೇಳಿದ್ದು ಸರಿ. ದನ ಎಮ್ಮೆಗಳ ಕಣ್ಣು ತಲೆಯ ಎರಡು ಪಕ್ಕಕ್ಕಿರುವುದರಿಂದ ಸುತ್ತಲಿನದೆಲ್ಲ ಹೆಚ್ಚುಕಡಿಮೆ ಕಾಣುತ್ತದೆ, ಕಾಣದೇ ಇರುವುದು ನೇರ ಬೆನ್ನ ಹಿಂದೆ. ಅಲ್ಲಿಂದ ಬಂದವನನ್ನು ಅವು ಒದೆಯುವುದು ಹೆದರಿಕೆಯಿಂದ. ಪಕ್ಕದಿಂದ, ಅಡ್ಡಡ್ಡ ನಡೆದು, ಮೆಲ್ಲಗೆ ಮಾತಾಡುತ್ತ ಹೋಗಿ. ಹೋಗಿ ಕೂತರೆ ಇನ್ನೂ ಒಳ್ಳೆಯದು, ಅವೇ ಮೂಸಲು ಬರುತ್ತವೆ.

ಕೂತೆ. ಹೊತ್ತು ಏರಿದಂತೆ ಆ ಬೆಳಕಿನ ತುಂಡು ಗೋದಲಿಯಿಂದ ಜಾರಿ, ಎಮ್ಮೆಯ ಮೂತಿಗೆ ಬಂತು. ಒದ್ದೆ ಮೂತಿ, ಅದರ ಮೇಲಿನ ಸಣ್ಣಸಣ್ಣ ಗುಳ್ಳೆಗಳಂಥ ಹೆಣಿಗೆ ಒಂದೊಂದಾಗಿ ಹೊಳೆಯಿತು. ಆಮೇಲೆ ಕೆನ್ನೆ. ಆಮೇಲೆ ಕಣ್ಣಿನ ರೆಪ್ಪೆ, ಅದರ ಕೆಳಗೆ ಗಾಜಿನ ಹೆಂಚಿನದೇ ಒಂದು ಬಿಳಿ ಚೌಕ. ಅಜ್ಜಿ ಬೂಸಾ ಸುರಿದರು, ಧೂಳು ಎದ್ದು ಬೆಳಕಿನ ಕೋಲು ಮಾಡಿನಿಂದ ನೆಲದವರೆಗೆ ಒಮ್ಮೆಗೇ ಕಂಡಿತು. ಆಗ ಒತ್ತಿದ್ದು ಈ ಚಿತ್ರ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, 3200; ಶಟರ್ ಸೆಕೆಂಡಿನ 60ನೇ ಒಂದು ಭಾಗ. ಮುಖವನ್ನು ಎಡಗಡೆ ಕೆಳಗೆ ಇಟ್ಟೆ, ಉಳಿದ ಮುಕ್ಕಾಲು ಫ್ರೇಮನ್ನು ಕತ್ತಲೆಗೇ ಬಿಟ್ಟೆ.

ಮನೆಗೆ ಬಂದು ಆ ಕತ್ತಲೆಯನ್ನು ಪೂರ್ತಿ ಮುಚ್ಚಿಬಿಡೋಣ ಎನ್ನಿಸಿತ್ತು. ಕಪ್ಪನ್ನು ಅದುಮಿದರೆ ಮುಖ ಇನ್ನೂ ಎದ್ದು ಬರುತ್ತದೆ, ನೋಡಿದವರು ಒಮ್ಮೆ ಬೆಚ್ಚುತ್ತಾರೆ. ಈಗ ಎಲ್ಲ ಕಡೆ ಕಾಣುವ ಚಿತ್ರಗಳು ಹೆಚ್ಚಾಗಿ ಹಾಗೇ ಇವೆ, ಪ್ರಾಣಿ ಶೂನ್ಯದಲ್ಲಿ ತೇಲುತ್ತಿದ್ದಂತೆ. ನನಗೆ ಅದು ಒಗ್ಗುವುದಿಲ್ಲ. ಎಮ್ಮೆ ಒಂದು ಮನೆಯದ್ದು, ಒಂದು ಗೂಟಕ್ಕೆ ಕಟ್ಟಿದ್ದು. ಹಿಂದಿನ ಕತ್ತಲೆಯೊಳಗೆ ಗೋಡೆಯ ಮಣ್ಣು, ಕತ್ತಾಳೆ ನಾರಿನ ಹಗ್ಗ, ಬೆನ್ನಿನ ದುಂಡು ಕಾಣದ ಹಾಗೆ ಕಾಣುತ್ತಿರಬೇಕು. ಆಗ ಆ ಕತ್ತಲೆಯೂ ಕೊಟ್ಟಿಗೆಯಾಗುತ್ತದೆ. ಅದನ್ನು ಹಾಗೇ ಉಳಿಸಿಕೊಂಡೆ.

ಕುರಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಚಳ್ಳಕೆರೆ ಕಡೆಯ ಕರಿ ಕುರಿಮಂದೆಯಾಗಲಿ ಬನ್ನೂರಿನ ಬಿಳಿ ಕುರಿಯಾಗಲಿ, ಮಂದೆ ಎಂದರೆ ಒಂದೇ ಬೂದಿಯ ರಾಶಿ. ಅದನ್ನು ಬಿಡಿಸಿ ತೋರಿಸುವುದು ಧೂಳು. ನಮ್ಮ ಭಾಷೆಯಲ್ಲಿ ಸಂಜೆಯ ಆ ಹೊತ್ತಿಗೆ ಗೋಧೂಳಿ ಎಂಬ ಹೆಸರೇ ಇದೆ. ಸೂರ್ಯನಿಗೆ ಎದುರಾಗಿ ನಿಂತರೆ ಬೆಳಗಿದ ಧೂಳು ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ತೆರೆ ಎಳೆಯುತ್ತದೆ. ಹತ್ತಿರದ ಸಾಲು ಕಪ್ಪು, ಅದರಾಚೆ ಬೂದು, ಅದರಾಚೆ ಇನ್ನೂ ತಿಳಿ, ಕೊನೆಗೆ ಕಂಬಳಿ ಹೊದ್ದ ಕುರಿಗಾಹಿಯ ಆಕಾರ ಬಿಳಿಯಲ್ಲಿ ಕರಗುತ್ತದೆ. ಒಂದು ಕುರಿ ಮಾತ್ರ ನಿಮ್ಮ ಕಡೆ ತಿರುಗುವವರೆಗೆ ಕಾಯಿರಿ. ಆಡಾದರೆ ಹತ್ತಿರ ಹೋಗಿ ಕಣ್ಣು ತೆಗೆಯಿರಿ. ದನದ ಕಣ್ಣಲ್ಲಿ ಪಾಪೆ ಕಪ್ಪಿನೊಳಗೆ ಕಪ್ಪಾಗಿ ಅಡಗಿರುತ್ತದೆ, ಆಡಿನ ಹಳದಿ ಕಣ್ಣಲ್ಲಿ ಅಡ್ಡ ಪಾಪೆ ಗೆರೆ ಎಳೆದಂತೆ ಕಾಣುತ್ತದೆ. ಅದು ತಲೆ ಬಗ್ಗಿಸಿ ಮೇಯುವಾಗ ಕಣ್ಣುಗುಡ್ಡೆಯೇ ತಿರುಗಿ ಆ ಗೆರೆ ನೆಲಕ್ಕೆ ಸಮನಾಗಿ ನಿಲ್ಲುತ್ತದೆ. ಸಾಧ್ಯವಾದರೆ ಎರಡೂ ಭಂಗಿಯನ್ನು ಜೋಡಿ ಚಿತ್ರವಾಗಿ ತೆಗೆಯಿರಿ.

ಬಿಡಬೇಕಾದದ್ದು ಕೆಲವಿವೆ. ಫ್ಲ್ಯಾಶ್ ಬೇಡ. ಕತ್ತಲೆಯಲ್ಲಿ ದನದ ಕಣ್ಣಿನ ಹಿಂಪದರ ಬೆಳಕನ್ನು ಹಿಂದಕ್ಕೆ ಎಸೆದು ಕಣ್ಣು ದೀಪದಂತೆ ಉರಿಯುತ್ತದೆ, ಪ್ರಾಣಿಯೂ ಬೆದರುತ್ತದೆ. ತಲೆ ಎತ್ತಲೆಂದು ಮೂಗುದಾರ ಎಳೆಸಬೇಡಿ. ಎಳೆದ ಮೂಗುದಾರ ಚಿತ್ರದಲ್ಲಿ ಎಳೆದಂತೆಯೇ ಕಾಣುತ್ತದೆ, ಕಿವಿ ಹಿಂದಕ್ಕೆ ಹೋಗಿರುತ್ತದೆ, ಕಣ್ಣಿನ ಬಿಳಿ ಹೊರಬಂದಿರುತ್ತದೆ. ಈಚೆಗೆ ಕರು ಹಾಕಿದ ಹಸುವನ್ನು ತೆಗೆಯಬೇಡಿ, ದೃಷ್ಟಿಯಾಗುತ್ತದೆ ಎಂದು ಮನೆಯವರು ಹೇಳಿದರೆ ಕ್ಯಾಮೆರಾ ಚೀಲದೊಳಗೆ ಇಡಿ. ಅವರ ಜೊತೆ ವಾದಕ್ಕೆ ನಿಲ್ಲಬೇಡಿ. ಹಾಲು ನಿಂತರೆ ಆ ಮನೆಯ ದಿನ ನಿಲ್ಲುತ್ತದೆ, ನಮ್ಮದಲ್ಲ.

ಈಗ ಬಣ್ಣವೇ ಪುಕ್ಕಟೆ ಸಿಗುವಾಗ ಕಪ್ಪು-ಬಿಳುಪು ಏಕೆ ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪು ಚಿತ್ರಗಳನ್ನು ನೋಡುತ್ತ ಬೆಳೆದವನು ನಾನು. ಅವರು ಹೆಚ್ಚಾಗಿ ತೆಗೆದದ್ದು ಜನರನ್ನು, ಮಕ್ಕಳನ್ನು. ದಿನವೂ ಕಾಣುವುದನ್ನು ನಿಂತು ನೋಡುವುದನ್ನು ಆ ಚಿತ್ರಗಳಿಂದ ಕಲಿತೆ. ಬಣ್ಣವಿದ್ದಾಗ ನಾನು ಅರಿಶಿನ ಬಳಿದ ಕೊಂಬು, ಕೆಂಪು ಹಗ್ಗ, ಹಸಿರು ಹುಲ್ಲು ನೋಡಿ ಮುಂದೆ ಹೋಗುತ್ತೇನೆ. ಬಣ್ಣವಿಲ್ಲದಾಗ ಆ ಹಸುವಿನ ಮೂಳೆ, ತೊಗಲು, ವಯಸ್ಸು, ಅದನ್ನು ಕಟ್ಟಿದ ಜಾಗ ನೋಡಬೇಕಾಗುತ್ತದೆ. ಆ ರೈತರು ಟವೆಲ್ ಕೆಳಗೆ ಕೈ ಹಾಕುವ ಮೊದಲು ನೋಡುತ್ತಿದ್ದದ್ದೂ ಅದನ್ನೇ.

ತೆಗೆದ ಚಿತ್ರದ ಒಂದು ಪ್ರಿಂಟ್ ಆ ಮನೆಗೆ ತಲುಪಿಸಿ. ಫೋನಿಗೆ ಕಳಿಸುವುದು ಬೇರೆ, ಕೈಗೆ ಕೊಡುವುದು ಬೇರೆ. ಮ್ಯಾಟ್ ಕಾಗದವಾದರೆ ಒಳ್ಳೆಯದು, ಬಾಗಿಲ ಬೆಳಕಿಗೆ ಹಿಡಿದರೂ ಕಪ್ಪು ಹೊಳೆದು ಕಣ್ಣು ಕುಕ್ಕುವುದಿಲ್ಲ. ಶಿರಾ ಕಡೆಯ ಆ ಅಜ್ಜಿಗೆ ಎಂಟು ತಿಂಗಳ ನಂತರ ಪ್ರಿಂಟ್ ಕೊಂಡುಹೋದೆ. ಅಷ್ಟರಲ್ಲಿ ಎಮ್ಮೆಯನ್ನು ಮಾರಿದ್ದರು. ಅಜ್ಜಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಿತ್ರ ಈಸಿಕೊಂಡರು. ಹೊಸ್ತಿಲ ಮೇಲೆ ಕೂತು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ನಾನು ಇಷ್ಟು ಹೊತ್ತು ಹೇಳಿದ ಮೂತಿಯನ್ನಾಗಲಿ ಕಣ್ಣನ್ನಾಗಲಿ ಬೆಳಕಿನ ಕೋಲನ್ನಾಗಲಿ ಅವರು ಮುಟ್ಟಲಿಲ್ಲ. ಬೆರಳು ಸೀದಾ ಬಲಗಡೆಯ ಕತ್ತಲೆಯೊಳಕ್ಕೆ ಹೋಯಿತು, ಗೂಟದಿಂದ ಕೊರಳವರೆಗೆ ಮೆಲ್ಲಗೆ ಸರಿಯಿತು.

“ಈ ಹಗ್ಗ ನಾನೇ ಹೊಸೆದಿದ್ದು” ಎಂದರು.